ಹರಿಹರದ ವಿಸ್ಕೋಸ್ ನಾರು: ಜೀವನಚಕ್ರ ಮೌಲ್ಯಮಾಪನದ ಇತಿಹಾಸ

ಕಚ್ಚಾಮಾಲು ಬೆಳೆಯುವ ನೆಲದಿಂದ ಹಿಡಿದು ವಸ್ತು ಕಸವಾಗುವವರೆಗೆ ತಗಲುವ ನೀರು, ಇಂಧನ, ರಾಸಾಯನಿಕ ಮತ್ತು ಹೊರಬೀಳುವ ಮಾಲಿನ್ಯವನ್ನು ಒಟ್ಟಾಗಿ ಲೆಕ್ಕ ಹಾಕುವ ವಿಧಾನವೇ ಜೀವನಚಕ್ರ ಮೌಲ್ಯಮಾಪನ. 1969ರಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಪಾನೀಯದ ಬಾಟಲಿ, ಡಬ್ಬಿಗಳ ಬಗ್ಗೆ ಮಾಡಿಸಿದ ಅಧ್ಯಯನ ಇದರ ಆರಂಭದ ಮೆಟ್ಟಿಲುಗಳಲ್ಲೊಂದು. 1997ರ ಐಎಸ್‌ಒ 14040 ಮಾನದಂಡ ಚೌಕಟ್ಟು ಒದಗಿಸಿತು. ಈ ವಿಧಾನ ಕೇಳುವ ಪ್ರಶ್ನೆಗಳು ತುಂಗಭದ್ರೆಯ ದಡದಲ್ಲಿ ಆ ಮಾನದಂಡಕ್ಕೂ ಮೊದಲೇ ಎದ್ದಿದ್ದವು.

ಮೊದಲು ಸ್ಥಳದ ಗೊಂದಲ ಬಿಡಿಸಬೇಕು. 1972ರಲ್ಲಿ ಉತ್ಪಾದನೆ ಆರಂಭಿಸಿದ ಹರಿಹರ ಪಾಲಿಫೈಬರ್ಸ್‌ನ ಹೆಸರಿನಲ್ಲಿ ಹರಿಹರವಿದೆ. ಕಾರ್ಖಾನೆ ಇರುವುದು ಆಚೆ ದಡದ ಕುಮಾರಪಟ್ಟಣದಲ್ಲಿ, ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ನೆಲದಲ್ಲಿ. ಅಂದು ಅದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ. ಈಚೆ ದಡದ ಹರಿಹರ ಅಂದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಈಗ ದಾವಣಗೆರೆಯಲ್ಲಿದೆ. ಹಾಗಾಗಿ ಒಂದೇ ನದಿಯ ಕಥೆಯನ್ನು ಓದುಗರು ಎರಡು ಜಿಲ್ಲೆಗಳ ಕಡತಗಳಲ್ಲಿ ಹುಡುಕಬೇಕಾಗುತ್ತದೆ.

ಅಲ್ಲಿ ನೀಲಗಿರಿ ಮರದಿಂದ ರೇಯಾನ್ ದರ್ಜೆಯ ತಿರುಳು ತಯಾರಾಗುತ್ತಿತ್ತು. ಪಕ್ಕದಲ್ಲೇ ವಿಸ್ಕೋಸ್ ನಾರಿನ ಘಟಕವೂ ಬಂತು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಜೊತೆ ಬೆರೆಸಿ ಜೇನಿನಂಥ ಮಂದ ದ್ರವವಾಗಿಸುತ್ತಾರೆ. ಅದನ್ನು ಸಣ್ಣ ರಂಧ್ರಗಳ ಮೂಲಕ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಗೆ ಬಿಟ್ಟರೆ ನಾರು ಗಟ್ಟಿಯಾಗುತ್ತದೆ. ಕಾರ್ಬನ್ ಡೈಸಲ್ಫೈಡ್ ನಾರಿನಲ್ಲಿ ಉಳಿಯುವುದಿಲ್ಲ. ಅದು ಗಾಳಿಗೆ ಸೇರುತ್ತದೆ, ಇಲ್ಲವೇ ಹಿಡಿದು ಮರುಬಳಸಬೇಕಾಗುತ್ತದೆ. ನರಮಂಡಲಕ್ಕೆ ಅದು ವಿಷ. ಬಟ್ಟೆಯನ್ನಷ್ಟೇ ಪರೀಕ್ಷಿಸಿದರೆ ಈ ಅಪಾಯ ಕಾಣುವುದೇ ಇಲ್ಲ.

1980ರ ದಶಕದಲ್ಲಿ ನದಿಯ ಕೆಳಹರಿವಿನ ಊರುಗಳಲ್ಲಿ ಮೀನುಗಳ ಸಾವು ಮತ್ತು ನೀರಿನ ಬಣ್ಣ ದೂರಿನ ವಿಷಯವಾದವು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೋರಾಟಕ್ಕಿಳಿಯಿತು. 1984ರಲ್ಲಿ ಸರ್ಕಾರ ಮತ್ತು ಕಂಪನಿ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ತಿರುಳಿನ ಮರ ಬೆಳೆಸಲು ಹೊರಟಾಗ ವಿವಾದ ನದಿಯಿಂದ ಊರ ಸಾಮೂಹಿಕ ಭೂಮಿಗೂ ಹಬ್ಬಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗಕ್ಕೆ ಬರುವ ಗಿಡಗಳನ್ನು ನೆಟ್ಟರು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಈ ಹೋರಾಟವನ್ನು ಜೀವನಚಕ್ರ ಮೌಲ್ಯಮಾಪನ ಎಂದು ಕರೆಯಲಾಗದು, ಅಲ್ಲಿ ಅಳತೆಯ ಪಟ್ಟಿ ಇರಲಿಲ್ಲ. ಆದರೆ ನಾರಿನ ಲೆಕ್ಕ ಕಾರ್ಖಾನೆಯ ಗೇಟಿಗೆ ಮುಗಿಯುವುದಿಲ್ಲ, ಹುಲ್ಲು ಸೌದೆಯ ಭೂಮಿಯೂ ಅದರೊಳಗೇ ಬರುತ್ತದೆ ಎಂದು ಹೋರಾಟಗಾರರು ಸಾರಿ ಹೇಳಿದ್ದರು. ಇಲ್ಲಿನ ಇತಿಹಾಸದ ತಿರುವು ಇದೇ.

ಔಪಚಾರಿಕ ಅಧ್ಯಯನಗಳು ಬಂದದ್ದು ನಂತರ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಲಿ ಶೆನ್ ಮತ್ತು ಮಾರ್ಟಿನ್ ಪಟೇಲ್ 2010ರಲ್ಲಿ ವಿಸ್ಕೋಸ್ ಮೊದಲಾದ ನಾರುಗಳನ್ನು ಹತ್ತಿ, ಪಾಲಿಯೆಸ್ಟರ್ ಜೊತೆ ಹೋಲಿಸಿದರು. ಒಂದೇ ವಿಸ್ಕೋಸ್, ತಿರುಳು ಮತ್ತು ನಾರು ಒಂದೆಡೆ ತಯಾರಾಗುವ ಆಸ್ಟ್ರಿಯದ ಘಟಕದಲ್ಲಿ ಒಂದು ಫಲಿತಾಂಶ ಕೊಟ್ಟರೆ, ತಿರುಳು ಕೊಂಡು ಕಲ್ಲಿದ್ದಲಿನಂಥ ಇಂಧನ ಸುಡುವ ಏಷ್ಯದ ಘಟಕದಲ್ಲಿ ಬೇರೆಯದೇ ಫಲಿತಾಂಶ ಕೊಟ್ಟಿತು. ಒಂದು ಕಾಲಕ್ಕೆ ಜವಳಿ ಗಿರಣಿಗಳ ಊರಾಗಿದ್ದ ದಾವಣಗೆರೆಗೆ ಹತ್ತಿಯ ಸ್ಥಾನ ಗಮನಾರ್ಹ: ನೀರಾವರಿ ಮತ್ತು ಕೀಟನಾಶಕದಿಂದಾಗಿ ಅದು ಹಲವು ಅಳತೆಗಳಲ್ಲಿ ಹಿಂದೆ ಬಿತ್ತು. ಇಂಥ ಅಧ್ಯಯನಗಳು ಭೂಮಿಯನ್ನು ಹೆಕ್ಟೇರುಗಳಲ್ಲಿ ಅಳೆಯುತ್ತವೆ. ಆ ಹೆಕ್ಟೇರಿನಲ್ಲಿ ಯಾರ ದನ ಮೇಯುತ್ತಿತ್ತು ಎಂಬುದು ಅವುಗಳ ಅಂಕಿಗಳಲ್ಲಿ ಸಿಗದು, ಕುಸನೂರಿನ ವಾದಕ್ಕೆ ಇನ್ನೂ ಅಲ್ಲಿ ಜಾಗ ಸಿಕ್ಕಿಲ್ಲ. ನೀಲಗಿರಿಯ ವಿಷಯದಲ್ಲಾದರೆ, 2017ರಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಯುರೋಪಿಯನ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ, ರಾಸಾಯನಿಕಗಳನ್ನು ವಿನ್ಯಾಸದ ಹಂತದಲ್ಲೇ ಸುರಕ್ಷಿತವಾಗಿಸಲು ಅಪಾಯದ ಪರೀಕ್ಷೆ ಮತ್ತು ಜೀವನಚಕ್ರದ ಲೆಕ್ಕವನ್ನು ಜೊತೆಗೂಡಿಸುವ ಶಿಫಾರಸು ಹೊರಡಿಸಿತು. ಅಂಥ ಜೋಡಿ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ: ಹರಿಹರ ಪಾಲಿಫೈಬರ್ಸ್‌ನ ಒಡೆತನ ಹೊಂದಿರುವ ಗ್ರಾಸಿಮ್ ಕಂಪನಿ ಹರಿಹರದಲ್ಲಿ ಲೈಯೋಸೆಲ್ ನಾರಿನ ಘಟಕ ಯೋಜಿಸಿದೆ. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 55,000 ಟನ್. ಲೈಯೋಸೆಲ್‌ಗೆ ಕಾರ್ಬನ್ ಡೈಸಲ್ಫೈಡ್ ಬೇಡ. ಎನ್‌ಎಂಎಂಒ ಎಂಬ ದ್ರಾವಕ ತಿರುಳನ್ನು ನೇರವಾಗಿ ಕರಗಿಸುತ್ತದೆ, ಅದರ ಶೇ 99ಕ್ಕೂ ಹೆಚ್ಚು ಭಾಗವನ್ನು ಮತ್ತೆ ಬಳಸಬಹುದು. ಮರುಬಳಕೆಗೆ ಮುನ್ನ ತೊಳೆದ ನೀರನ್ನು ಆವಿಯಾಗಿಸಬೇಕು, ಅದಕ್ಕೆ ಶಾಖ ಬೇಕು. ಆ ಶಾಖಕ್ಕೆ ಯಾವ ಇಂಧನ ಸುಡುತ್ತಾರೆ ಎಂಬುದರ ಮೇಲೆ ಹೊಸ ನಾರಿನ ಇಂಗಾಲದ ಲೆಕ್ಕ ನಿಲ್ಲುತ್ತದೆ.