ಹೆಬ್ಬಾವಿನ ಊಟ: ಹಿರಿಯರು ಕಂಡದ್ದು, ಆಮೇಲೆ ಕಟ್ಟಿದ್ದು

ಶನಿವಾರಸಂತೆ ಸುತ್ತಮುತ್ತ ಕಾಫಿ ತೋಟ, ಗದ್ದೆ ಇರುವವರಿಗೆ ಹೆಬ್ಬಾವು ಹೊಸದಲ್ಲ. ರಾತ್ರಿ ಕೋಳಿಗೂಡಿಗೆ ನುಗ್ಗುತ್ತದೆ, ಕೋಳಿ ನುಂಗುತ್ತದೆ, ಹೊಟ್ಟೆ ಉಬ್ಬಿ ಬಂದ ಸಂದಿಯಲ್ಲೇ ಹೊರಹೋಗಲಾಗದೆ ಬೆಳಗ್ಗೆ ಸಿಕ್ಕಿಬೀಳುತ್ತದೆ. ಜನ ಸೇರುತ್ತಾರೆ, ಮೊಬೈಲ್ ಹೊರಬರುತ್ತದೆ. ಆಗ ಮಾತು ಶುರು: ಸುತ್ತಿಕೊಂಡು ಮೂಳೆ ಪುಡಿ ಮಾಡುತ್ತದಂತೆ, ಉಸಿರುಗಟ್ಟಿಸುತ್ತದಂತೆ, ದವಡೆ ಕಳಚಿಕೊಳ್ಳುತ್ತದಂತೆ. ಈ 'ಅಂತೆ'ಗಳಲ್ಲಿ ಎಷ್ಟು ನಿಜ ಎಂದು ನಾವು ಹುಡುಕಿಕೊಂಡು ಹೊರಟೆವು.

ಹಳೆಯ ಸಾಕ್ಷಿ ಹೆಸರಿನಲ್ಲೇ ಇದೆ. ಸಂಸ್ಕೃತದಲ್ಲಿ ಹೆಬ್ಬಾವು 'ಅಜಗರ', ಅಂದರೆ ಆಡನ್ನು ನುಂಗುವುದು. ಮಹಾಭಾರತದಲ್ಲಿ ಶಾಪದಿಂದ ಅಜಗರವಾದ ನಹುಷ ಕಾಡಿನಲ್ಲಿ ಭೀಮನನ್ನು ಸುತ್ತಿ ಹಿಡಿಯುತ್ತಾನೆ. ಅಂಥ ಭೀಮನಿಗೇ ಬಿಡಿಸಿಕೊಳ್ಳಲು ಆಗುವುದಿಲ್ಲ. ಧರ್ಮರಾಯ ಬಂದು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಭಾಗವತದ ಅವಧೂತನಂತೂ ಹೆಬ್ಬಾವನ್ನು ಗುರು ಎನ್ನುತ್ತಾನೆ: ಬಂದದ್ದನ್ನು ಉಣ್ಣುತ್ತದೆ, ಬಾರದಿದ್ದರೆ ಸುಮ್ಮನೆ ಬಿದ್ದಿರುತ್ತದೆ. ಇದನ್ನು ಬರೆದವರು ಹಾವನ್ನು ಚೆನ್ನಾಗಿ ನೋಡಿದ್ದರು ಎಂದೇ ನಮಗನಿಸುತ್ತದೆ. ಹೆಬ್ಬಾವಿನ ಬೇಟೆ ಹೆಚ್ಚಿನಂಶ ಕಾಯುವುದೇ. ತುಟಿಯಂಚಿನ ಸಣ್ಣ ಕುಳಿಗಳಿಂದ ಅದು ಕತ್ತಲಲ್ಲೂ ಪ್ರಾಣಿಯ ಮೈಬಿಸಿ ಗುರುತಿಸುತ್ತದೆ.

ಬ್ರಿಟಿಷರ ಕಾಲದಲ್ಲಿ ನೋಟದ ಜೊತೆ ಅಳತೆಯೂ ಬಂತು. 1883ರಲ್ಲಿ ಶುರುವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಹಾವುಗಳ ಬಗ್ಗೆ ಬಹಳ ಬರೆದವರು ಫ್ರಾಂಕ್ ವಾಲ್ ಎಂಬ ಸೈನ್ಯದ ವೈದ್ಯರು. 18 ಅಡಿಯ ಹೆಬ್ಬಾವೊಂದು ಚಿರತೆಯನ್ನೇ ನುಂಗಿದ್ದ ದಾಖಲೆ ಅವರ ಬರಹದಲ್ಲಿದೆ. ಅದು ಅಪರೂಪದ ಊಟ. ಇಲಿ, ಹಕ್ಕಿ, ಮೊಲ, ಕಾಡುಕುರಿ, ಹಂದಿಮರಿ ಇವೇ ದಿನನಿತ್ಯದ್ದು.

ಉಸಿರುಗಟ್ಟಿಸುವ ಮಾತು ಪುಸ್ತಕಗಳಲ್ಲೂ ಬಹುಕಾಲ ಉಳಿಯಿತು. 2015ರಲ್ಲಿ ಅಮೆರಿಕದ ಸ್ಕಾಟ್ ಬೋಬ್ಯಾಕ್ ಮತ್ತು ಜೊತೆಗಾರರು ಇಲಿಯ ಮೈಗೆ ಅಳತೆಯ ಸಾಧನ ಜೋಡಿಸಿ ಪರೀಕ್ಷಿಸಿದರು. ಹಾವು ಬಿಗಿದ ಆರು ಸೆಕೆಂಡಿನಲ್ಲಿ ರಕ್ತದೊತ್ತಡ ಅರ್ಧಕ್ಕಿಳಿದಿತ್ತು. ಉಸಿರು ನಿಲ್ಲುವ ಮೊದಲೇ ರಕ್ತದ ಓಟ ನಿಲ್ಲುತ್ತದೆ. (ಅವರು ಬಳಸಿದ್ದು ಬೋವಾ ಹಾವು; ಬಿಗಿಯುವ ರೀತಿ ಹೆಬ್ಬಾವಿನದ್ದೇ.) ಹಿಡಿತ ಇರುವುದು ಕೊಲ್ಲಲು, ಮೂಳೆ ಪುಡಿ ಮಾಡಲು ಅಲ್ಲ. ದವಡೆಯೂ ಕಳಚುವುದಿಲ್ಲ. ಕೆಳದವಡೆಯ ಎರಡು ಭಾಗಗಳ ನಡುವೆ ರಬ್ಬರಿನಂತೆ ಹಿಗ್ಗುವ ಚರ್ಮ, ನಾರು ಇದೆ, ಅಷ್ಟೆ.

ನಮ್ಮನ್ನು ನಿಜಕ್ಕೂ ಬೆರಗುಗೊಳಿಸಿದ್ದು ನುಂಗಿದ ಮೇಲಿನ ಕಥೆ. ಬರ್ಮಾ ಹೆಬ್ಬಾವಿನ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೊಡ್ಡ ಊಟವಾದ 48 ಗಂಟೆಯಲ್ಲಿ ಅದರ ಹೃದಯದ ಸ್ನಾಯು ಶೇ. 40ರಷ್ಟು ಬೆಳೆಯುತ್ತದೆ. ಕರುಳು, ಯಕೃತ್ತು ಕೂಡ ದಪ್ಪವಾಗುತ್ತವೆ. ಅರಗಿದ ಮೇಲೆ ಎಲ್ಲವೂ ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಒಂದು ಊಟಕ್ಕಾಗಿ ಒಳಗಿನ ಇಡೀ ಯಂತ್ರವನ್ನೇ ಕಟ್ಟಿ ಬಿಚ್ಚುವ ಪ್ರಾಣಿ ಇದು.

ಇನ್ನೊಂದು ವಿಚಿತ್ರ ರಾಜಸ್ಥಾನದ ಭರತಪುರದ್ದು. ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ ಹೆಬ್ಬಾವುಗಳು ಮುಳ್ಳುಹಂದಿ ತೋಡಿದ ಬಿಲದಲ್ಲೇ, ಮುಳ್ಳುಹಂದಿಯ ಜೊತೆಯಲ್ಲೇ ಇರುತ್ತವೆ. ಮನೆ ಕೊಟ್ಟವನನ್ನು ನುಂಗಬಾರದೆಂಬ ಲೆಕ್ಕವೋ, ಮುಳ್ಳಿನ ಭಯವೋ! ನಮ್ಮ ಕಡೆ ಗೆಡ್ಡೆ ಗೆಣಸು ಕಳೆದುಕೊಂಡವರು ಈ ಸ್ನೇಹವನ್ನು ಮೆಚ್ಚಲಾರರು.

ಇನ್ನು ಕೋಳಿಗೂಡಿನ ವಿಷಯ. ನುಂಗಿದ ಹಾವನ್ನು ಬಾಲ ಹಿಡಿದು ಎಳೆದರೆ, ಕೋಲಿನಿಂದ ತಿವಿದರೆ ಅದು ಹಗುರಾಗಿ ಓಡಲು ಊಟವನ್ನು ಕಕ್ಕಿಬಿಡುತ್ತದೆ. ವಿಡಿಯೋಗಳಲ್ಲಿ ನೀವು ನೋಡುವುದು ಇದನ್ನೇ. ಕೋಳಿ ನಮಗೂ ಉಳಿಯಲಿಲ್ಲ, ಅದಕ್ಕೂ ದಕ್ಕಲಿಲ್ಲ. ಹೋದ ಕೋಳಿ ಹೋಯಿತು, ಆ ನಷ್ಟ ಸಣ್ಣದೆಂದು ನಾವು ಹೇಳುವುದಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹೆಬ್ಬಾವು ಇದೆ. ಕೊಂದರೆ ಕನಿಷ್ಠ ಮೂರು ವರ್ಷ ಜೈಲು. ದೂರ ನಿಂತು ಅರಣ್ಯ ಇಲಾಖೆಗೆ ಫೋನ್ ಮಾಡಿ, ನಾಯಿಯನ್ನು ಕಟ್ಟಿಹಾಕಿ. ಹಾವು ಹೋದ ಮೇಲೆ ಅದು ಒಳಬಂದ ಸಂದಿಯನ್ನು ಹುಡುಕಿ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಬಡಿಯಿರಿ.