ಪರಭಾಷಾ ತರಗತಿಯ ಬರಹ ಮತ್ತು ಅದರ ಓದುಗ

ಕರ್ನಾಟಕದ ಕನ್ನಡ ಮಾಧ್ಯಮ ಶಾಲೆಗಳ ಇಂಗ್ಲಿಷ್ ತರಗತಿಯಲ್ಲಿ ಪತ್ರಲೇಖನವೆಂದರೆ ಮುಖ್ಯೋಪಾಧ್ಯಾಯರಿಗೆ ಸಲ್ಲಿಸುವ ರಜೆ ಅರ್ಜಿ, ಶೈಕ್ಷಣಿಕ ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಬರೆಯುವ ಕಾಗದ ಮುಂತಾದ ಕೆಲವೇ ಮಾದರಿಗಳ ಬಾಯಿಪಾಠವಾಗಿ ಉಳಿದಿದೆ. ವಿಳಾಸಕ್ಕೆ, ಒಕ್ಕಣೆಗೆ, ಒಡಲಿಗೆ ಬೇರೆಬೇರೆ ಅಂಕಗಳಿರುತ್ತವೆ. ಆದರೆ ಅರ್ಜಿ ಬರೆದ ವಿದ್ಯಾರ್ಥಿಗೆ ಜ್ವರವಿರುವುದಿಲ್ಲ, ತಂದೆಗೆ ಬರೆದ ಕಾಗದ ತಂದೆಯ ಕೈ ಸೇರುವುದಿಲ್ಲ. ಶಾಲೆಯ ವೇಳಾಪಟ್ಟಿಯಲ್ಲಿ ಇಂಗ್ಲಿಷಿಗೆ ಎರಡನೆಯ ಭಾಷೆಯೆಂಬ ಹೆಸರಿದ್ದರೂ ಅದು ಮನೆಯಲ್ಲಾಗಲಿ ಸಂತೆಯಲ್ಲಾಗಲಿ ಕಿವಿಗೆ ಬೀಳದ ಊರುಗಳಲ್ಲಿ ನಿಜಾರ್ಥದಲ್ಲಿ ಪರಭಾಷೆಯೇ ಆಗಿದೆ. ಅಂಥ ಭಾಷೆಯ ಬರಹವನ್ನು ಅಂಕ ಹಾಕಲಿಕ್ಕಲ್ಲದೆ ವಿಷಯಕ್ಕಾಗಿ ಓದುವ ಒಬ್ಬ ಓದುಗ ದೊರೆತರೆ ಕಲಿಕೆಯ ಸ್ವರೂಪವೇ ಬದಲಾಗುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

ಬರಹವು ಕಲಿತದ್ದನ್ನು ಒಪ್ಪಿಸುವ ಕ್ರಿಯೆ ಮಾತ್ರವಲ್ಲ, ಕಲಿಯುವ ಕ್ರಿಯೆಯೂ ಹೌದು ಎಂಬುದಕ್ಕೆ ಬಲವಾದ ಆಧಾರ ಒದಗಿದ್ದು ಕೆನಡಾದಿಂದ. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲಾ ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ ಪ್ರಯೋಗವೊಂದು ಆರಂಭವಾಯಿತು. ಭಾಷೆಯೊಳಗೆ ಮಕ್ಕಳನ್ನು ಮುಳುಗಿಸುವ ಈ ಕ್ರಮವನ್ನು ನಿಮಜ್ಜನ ಶಿಕ್ಷಣ ಎನ್ನಬಹುದು. ಇಂಥ ತರಗತಿಗಳಲ್ಲಿ ವರ್ಷಗಟ್ಟಲೆ ಫ್ರೆಂಚ್ ಕೇಳಿದ ಮಕ್ಕಳು ಅದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರೂ ಲಿಂಗ, ಕಾಲ, ಕ್ರಿಯಾರೂಪಗಳಲ್ಲಿ ತಪ್ಪುತ್ತಲೇ ಇದ್ದರು. ಅರ್ಥವಾಗುವಂಥ ಭಾಷೆ ಹೇರಳವಾಗಿ ಕಿವಿಗೆ ಬಿದ್ದರೆ ಸಾಕೆಂದು ಭಾಷಾಶಾಸ್ತ್ರಜ್ಞ ಸ್ಟೀಫನ್ ಕ್ರ್ಯಾಶೆನ್ ಹೇಳುತ್ತಿದ್ದ ಕಾಲದಲ್ಲಿ, ಇಂಥ ತರಗತಿಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಮೆರಿಲ್ ಸ್ವೇನ್ 1985ರಿಂದ ಮುಂದಿನ ಬರಹಗಳಲ್ಲಿ, ಕಲಿಯುವವನು ತಾನೇ ಭಾಷೆಯನ್ನು ಉತ್ಪಾದಿಸಬೇಕು, ಹಾಗೆ ಉತ್ಪಾದಿಸುವಾಗಲೇ ಹೇಳಬೇಕೆಂದಿರುವುದಕ್ಕೂ ಹೇಳಲು ಸಾಧ್ಯವಾದದ್ದಕ್ಕೂ ನಡುವಿನ ಅಂತರ ಅವನಿಗೆ ಕಾಣುತ್ತದೆ ಎಂಬ ವಾದವನ್ನು ಮುಂದಿಟ್ಟರು. ಆದರೆ ಆ ಅಂತರ ಕಾಣಬೇಕಾದರೆ ಹೇಳಬೇಕೆಂದಿರುವ ಮಾತೊಂದು ಮೊದಲೇ ಇರಬೇಕಷ್ಟೆ. ರಜೆ ಅರ್ಜಿಯಲ್ಲಿ ಇಲ್ಲದಿರುವುದು ಅದೇ.

ನಿಜವಾದ ಓದುಗನನ್ನು ಹುಡುಕುವ ಪ್ರಯತ್ನ ಹೊಸದೇನಲ್ಲ. ಫ್ರಾನ್ಸಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಪಾಲ್ ಮಿಯೆಯ್, 19ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪತ್ರಿಕಾ ಸಂಪಾದಕ ಡಬ್ಲ್ಯು. ಟಿ. ಸ್ಟೆಡ್ ಅವರ ನೆರವಿನಿಂದ ಫ್ರೆಂಚ್ ಮತ್ತು ಇಂಗ್ಲಿಷ್ ವಿದ್ಯಾರ್ಥಿಗಳ ನಡುವೆ ಪತ್ರವ್ಯವಹಾರವನ್ನು ಏರ್ಪಡಿಸಿದ್ದರು. ಸೆಲೆಸ್ತಾಂ ಫ್ರೆನೆ ಅವರ ಪ್ರಯೋಗ ಇನ್ನೂ ಆಳವಾದದ್ದು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ ದೀರ್ಘ ಪಾಠ ಹೇಳಲು ಉಸಿರು ಸಾಲದಿದ್ದ ಈ ಶಿಕ್ಷಕರು ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಹಳ್ಳಿಯ ತರಗತಿಗೆ 1924ರ ಸುಮಾರಿಗೆ ಚಿಕ್ಕ ಮುದ್ರಣಯಂತ್ರವೊಂದನ್ನು ತಂದು, ಮಕ್ಕಳು ಬರೆದದ್ದನ್ನು ಮಕ್ಕಳಿಂದಲೇ ಅಚ್ಚು ಜೋಡಿಸಿ ಮುದ್ರಿಸಿ, ದೂರದ ಬ್ರಿಟನಿ ಸೀಮೆಯ ಟ್ರೆಗಂಕ್ ಶಾಲೆಗೆ ಕಳುಹಿಸತೊಡಗಿದರು. ಬ್ರಿಟನಿಯ ಆ ಭಾಗದ ಹಳ್ಳಿಗಳಲ್ಲಿ ಆಗ ಮನೆಮಾತು ಬ್ರೆಟನ್ ಆಗಿದ್ದು, ಫ್ರೆಂಚ್ ಬಹುಮಟ್ಟಿಗೆ ಶಾಲೆಯ ಭಾಷೆಯಾಗಿತ್ತೆಂಬುದನ್ನು ನೆನೆದರೆ ಈ ವಿನಿಮಯದ ಬೆಲೆ ತಿಳಿಯುತ್ತದೆ. ಬಾರ್-ಸುರ್-ಲೂ ಸುತ್ತ ಸುಗಂಧದ್ರವ್ಯಕ್ಕಾಗಿ ಕಹಿಕಿತ್ತಳೆಯ ಹೂ ಬೆಳೆಯುತ್ತಿದ್ದರು. ಆ ಹೂವನ್ನು ಕಾಣದ ಕಡಲತೀರದ ಮಗುವಿಗೆ ಅದನ್ನು ವಿವರಿಸಬೇಕಾದ ವಿದ್ಯಾರ್ಥಿಗೆ ಸರಿಯಾದ ಪದ ಹುಡುಕಲು ಶಿಕ್ಷಕರ ಒತ್ತಾಯ ಬೇಕಾಗುವುದಿಲ್ಲ.

ಪರಭಾಷಾ ತರಗತಿಗೆ ಎಲ್ಲಕ್ಕಿಂತ ಹತ್ತಿರದ ಮಾದರಿ ಸಂವಾದ ದಿನಚರಿಯದು. ವಿದ್ಯಾರ್ಥಿ ತನಗೆ ತೋಚಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಶಿಕ್ಷಕರು ಅದನ್ನು ತಿದ್ದದೆ ಅದರ ಕೆಳಗೇ ಉತ್ತರ ಬರೆಯುವುದು, ಆ ಉತ್ತರಕ್ಕೆ ವಿದ್ಯಾರ್ಥಿ ಮರಳಿ ಬರೆಯುವುದು ಇದರ ಕ್ರಮ. ಲಾಸ್ ಏಂಜಲೀಸ್‌ನ ಆರನೆಯ ತರಗತಿಯ ಶಿಕ್ಷಕಿ ಲೆಸ್ಲಿ ರೀಡ್ ಇದನ್ನು ವರ್ಷಗಳ ಕಾಲ ನಡೆಸಿದ್ದರು. ಹೊಸದಾಗಿ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳೂ ಇದ್ದ ಅವರ ತರಗತಿಯ ದಿನಚರಿಗಳನ್ನು ಸಂಶೋಧಕರಾದ ಜೇನಾ ಸ್ಟೇಟನ್, ರೋಜರ್ ಶೈ, ಜಾಯ್ ಕ್ರೀಫ್ಟ್ ಪೇಟನ್ ಅವರು ರೀಡ್ ಅವರೊಂದಿಗೆ ಕೂಡಿ ವಿಶ್ಲೇಷಿಸಿ 1988ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಈ ಕ್ರಮದ ಸೂಕ್ಷ್ಮವಿರುವುದು ಶಿಕ್ಷಕರ ಉತ್ತರದಲ್ಲಿ. ಕನ್ನಡದ ಹುಡುಗಿಯೊಬ್ಬಳು ‘ಯೆಸ್ಟರ್‌ಡೇ ಐ ಗೋ ಟು ಜಾತ್ರೆ’ ಎಂದು ಬರೆದಳೆಂದು ಭಾವಿಸಿದರೆ, ಶಿಕ್ಷಕಿ ‘ಗೋ’ ಎಂಬುದರ ಸುತ್ತ ವೃತ್ತ ಎಳೆಯುವುದಿಲ್ಲ. ‘ಯು ವೆಂಟ್ ಟು ದ ಜಾತ್ರೆ? ಹೂ ವೆಂಟ್ ವಿತ್ ಯು?’ ಎಂದು ಕೇಳುತ್ತಾಳೆ. ತಪ್ಪಿದ ರೂಪವನ್ನು ಸರಿಯಾಗಿ ಬಳಸಿ ಮರಳಿಸುವ ಈ ವಿಧಾನಕ್ಕೆ ಮರುರೂಪಣೆ ಎಂದು ಹೆಸರಿಡಬಹುದು. ಕನ್ನಡದಲ್ಲಿ ಭೂತಕಾಲವಿರುವುದರಿಂದ ಹುಡುಗಿಗೆ ಕಾಲದ ಕಲ್ಪನೆ ಹೊಸದಲ್ಲ, ‘ವೆಂಟ್’ ಎಂಬ ರೂಪ ಮಾತ್ರ ಹೊಸದು. ‘ದ’ ಎಂಬ ಉಪಪದಕ್ಕಾದರೋ ಕನ್ನಡದಲ್ಲಿ ಸಮನಾದದ್ದೇ ಇಲ್ಲ. ಎರಡೂ ಅವಳಿಗೆ ಉತ್ತರ ಕೊಡಬೇಕಾದ ಪ್ರಶ್ನೆಯೊಳಗೇ ಬಂದು ಕಣ್ಣಿಗೆ ಬೀಳುತ್ತವೆ.

ಹಾಗಾದರೆ ತಪ್ಪುಗಳು ಹಾಗೆಯೇ ಉಳಿದುಬಿಡುವುದಿಲ್ಲವೇ ಎಂಬ ಆಕ್ಷೇಪ ಸಹಜವಾದದ್ದು. 1996ರಲ್ಲಿ ಸಂಶೋಧಕ ಜಾನ್ ಟ್ರಸ್ಕಾಟ್ ಪರಭಾಷಾ ಬರಹದ ವ್ಯಾಕರಣ ತಿದ್ದುಪಡಿಯಿಂದ ಪ್ರಯೋಜನವಿಲ್ಲ, ಅದನ್ನು ಕೈಬಿಡಬೇಕು ಎಂದು ವಾದಿಸಿದಾಗ, ಇದೇ ಕ್ಷೇತ್ರದ ಸಂಶೋಧಕಿ ಡೇನಾ ಫೆರಿಸ್ ಅದು ಆತುರದ ತೀರ್ಮಾನವೆಂದು ಉತ್ತರಿಸಿದರು. ಇಬ್ಬರಲ್ಲಿ ಫೆರಿಸ್ ಅವರ ಎಚ್ಚರಿಕೆಯೇ ಹೆಚ್ಚು ಒಪ್ಪತಕ್ಕದ್ದು, ಏಕೆಂದರೆ ನಿಮಜ್ಜನ ತರಗತಿಗಳ ಅನುಭವವೂ ರೂಪದ ಕಡೆಗೆ ಗಮನ ಬೇಕೆಂಬುದನ್ನೇ ಸೂಚಿಸುತ್ತದೆ. ಆದರೆ ತಿದ್ದುಪಡಿಗೆ ಬೇರೆ ಪುಸ್ತಕ, ಬೇರೆ ಅವಧಿ ಇರಬೇಕು. ಮಾತು ನಡೆಯುವ ಪುಟದಲ್ಲಿ ಅಂಕ ಕಾಣಿಸಿಕೊಂಡ ದಿನ ಅದು ಮತ್ತೆ ಪರೀಕ್ಷೆಯ ಉತ್ತರಪತ್ರಿಕೆಯಾಗುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ತನ್ನದೇ ಆದ ಪರಂಪರೆಯಿದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದು, ಬೆಂಗಳೂರು ಯೋಜನೆಯೆಂದು ಜಗತ್ತಿನ ಭಾಷಾಶಿಕ್ಷಣ ವಲಯದಲ್ಲಿ ಹೆಸರಾದ ಪ್ರಯೋಗವು, ವೇಳಾಪಟ್ಟಿ ಓದುವುದು, ನಕ್ಷೆ ಬಿಡಿಸುವುದು ಮೊದಲಾದ ಕಾರ್ಯಗಳಲ್ಲಿ ಮನಸ್ಸು ತೊಡಗಿದಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ ಎಂಬ ನಂಬಿಕೆಯ ಮೇಲೆ ಸಾಮಾನ್ಯ ಶಾಲೆಗಳಲ್ಲೇ ನಡೆಯಿತು. ಅರ್ಥಕ್ಕೆ ಮೊದಲ ಸ್ಥಾನ ಕೊಟ್ಟ ಆ ದೃಷ್ಟಿಯನ್ನು ಸಂವಾದ ದಿನಚರಿಯ ಮೂಲಕ ಮಕ್ಕಳ ಸ್ವಂತ ಬರಹಕ್ಕೆ ವಿಸ್ತರಿಸುವುದು ಈಗ ಆಗಬೇಕಾದ ಕೆಲಸ. ಐವತ್ತು ಮಕ್ಕಳ ತರಗತಿಯಲ್ಲಿ ದಿನವೂ ಎಲ್ಲರಿಗೂ ಉತ್ತರಿಸುವುದು ಸಾಧ್ಯವಿಲ್ಲದಿದ್ದರೂ ದಿನಕ್ಕೆ ಹತ್ತು ಪುಸ್ತಕದಂತೆ ಐದು ದಿನಕ್ಕೆ ಹಂಚಿಕೊಂಡರೆ ವಾರಕ್ಕೊಮ್ಮೆ ಪ್ರತಿ ಮಗುವಿಗೂ ಎರಡು ಸಾಲಿನ ಉತ್ತರ ಸಿಗುತ್ತದೆ. ಇದಕ್ಕೆ ಬೇಕಾದ ಸಾಮಗ್ರಿ ನಲವತ್ತು ಪುಟದ ಒಂದು ನೋಟ್‌ಬುಕ್ ಮಾತ್ರ. ಪತ್ರಲೇಖನಕ್ಕೆ ಮೀಸಲಾದ ಅವಧಿಗಳಲ್ಲಿ ಒಂದನ್ನಾದರೂ ಶಿಕ್ಷಕರು ಮುಂದಿನ ಶೈಕ್ಷಣಿಕ ವರ್ಷದಿಂದ ಇದಕ್ಕೆ ಬಿಟ್ಟುಕೊಡಬೇಕು.