ದುಗ್ಧರಸ ವ್ಯೂಹದ ಶೋಧ

ದುಗ್ಧರಸ ವ್ಯೂಹ ಎಂಬುದು ರಕ್ತನಾಳಗಳ ಜೊತೆಜೊತೆಗೇ ಮೈತುಂಬ ಹಬ್ಬಿರುವ ಇನ್ನೊಂದು ನಾಳಜಾಲ. ಲೋಮನಾಳಗಳ ಗೋಡೆಯಿಂದ ಜಿನುಗಿ ಅಂಗಾಂಶಗಳ ನಡುವೆ ಉಳಿದುಬಿಡುವ ದ್ರವವನ್ನು ಇದು ಬಸಿದುಕೊಂಡು ಮರಳಿ ರಕ್ತಕ್ಕೆ ಸೇರಿಸುತ್ತದೆ. ಹೀಗೆ ದಿನವೊಂದಕ್ಕೆ ಸುಮಾರು 2ರಿಂದ 4 ಲೀಟರ್ ರಸ ಕತ್ತಿನ ಬುಡದ ಸಿರೆಗಳನ್ನು ಸೇರುತ್ತದೆ. ಇದಕ್ಕೆ ಹೃದಯದಂಥ ಪಂಪು ಇಲ್ಲ. ನಾಳದ ಗೋಡೆಯ ಮಿಡಿತ, ಸುತ್ತಲಿನ ಸ್ನಾಯುಗಳ ಒತ್ತಡ, ಉಸಿರಿನ ಏರಿಳಿತ ಇವೇ ರಸವನ್ನು ಮುಂದಕ್ಕೆ ತಳ್ಳುತ್ತವೆ. ಕವಾಟಗಳು ಅದು ಹಿಂದೆ ಜಾರದಂತೆ ತಡೆಯುತ್ತವೆ. ದಾರಿಯುದ್ದಕ್ಕೂ ಕತ್ತು, ಕಂಕುಳು, ತೊಡೆಸಂದು, ಹೊಟ್ಟೆಯೊಳಗೆಲ್ಲ ಸೇರಿ 500ರಿಂದ 700 ದುಗ್ಧಗ್ರಂಥಿಗಳಿವೆ. ಕಾಲಿನ ಗಾಯ ಕೀವಾದರೆ ತೊಡೆಸಂದಿನಲ್ಲಿ ಗಂಟು ಕಟ್ಟುವುದು ಎಲ್ಲರಿಗೂ ಗೊತ್ತು. ಬಸಿದು ಬಂದ ಸೋಂಕನ್ನು ಆ ಗ್ರಂಥಿಯ ಕಣಗಳು ಎದುರಿಸುತ್ತಿರುವುದರ ಗುರುತು ಅದು. ಗುಲ್ಮ, ಥೈಮಸ್, ಟಾನ್ಸಿಲ್‌ಗಳೂ ಇದೇ ವ್ಯೂಹದ ಅಂಗಗಳು.

ರಸಕ್ಕೆ ಹೆಚ್ಚುಕಡಿಮೆ ಬಣ್ಣವಿಲ್ಲ, ನಾಳಗಳ ಗೋಡೆ ತೀರಾ ತೆಳು. ಹಾಗಾಗಿ ಈ ವ್ಯೂಹದ ಚರಿತ್ರೆ ಬಹುಮಟ್ಟಿಗೆ ಅದರೊಳಗೆ ಏನನ್ನಾದರೂ ತುಂಬಿಸಿ ಅದನ್ನು ಕಾಣುವಂತೆ ಮಾಡಿದವರ ಚರಿತ್ರೆ.

ಹಾಲು ತುಂಬಿದ ನಾಳಗಳು

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಎರಸಿಸ್ಟ್ರಾಟಸ್, ಹಾಲು ಕುಡಿದ ಮೇಕೆಮರಿಗಳ ಕರುಳಿನ ಬಳಿ ಹಾಲಿನಂಥ ದ್ರವದ ನಾಳಗಳನ್ನು ಕಂಡಿದ್ದ. ಆ ಮಾತು ಮುಂದೆ ಬೆಳೆಯಲಿಲ್ಲ. 1622ರ ಜುಲೈ 23ರಂದು ಇಟಲಿಯ ಗಾಸ್ಪಾರೆ ಅಸೆಲ್ಲಿ ಸ್ನೇಹಿತರಿಗೆ ನರಗಳನ್ನು ತೋರಿಸಲು ಜೀವಂತ ನಾಯಿಯೊಂದನ್ನು ಕೊಯ್ದಾಗ ಅದೇ ನಾಳಗಳು ಮತ್ತೆ ಕಂಡವು. ಕರುಳಿನ ಮೇಲೆ ಹರಡಿದ್ದ ಬಿಳಿ ಎಳೆಗಳನ್ನು ಅವನು ಮೊದಲು ನರಗಳೆಂದೇ ಭಾವಿಸಿದ. ಒಂದನ್ನು ಕತ್ತರಿಸಿದಾಗ ಹಾಲಿನಂಥ ದ್ರವ ಚಿಮ್ಮಿತು. ಇನ್ನೊಂದು ನಾಯಿಯನ್ನು ಕೊಯ್ದು ನೋಡಿದರೆ ಒಂದು ಎಳೆಯೂ ಇಲ್ಲ! ಮೊದಲನೆಯದು ಹೊಟ್ಟೆತುಂಬ ತಿಂದಿತ್ತು, ಎರಡನೆಯದು ಹಸಿದಿತ್ತು ಎಂಬುದು ಆಮೇಲೆ ಹೊಳೆಯಿತು. ಆಹಾರದ ಕೊಬ್ಬೇ ನಾಳಗಳನ್ನು ಬೆಳ್ಳಗೆ ಮಾಡಿತ್ತು. ಅಸೆಲ್ಲಿ ತೀರಿಕೊಂಡ ಮೇಲೆ, 1627ರಲ್ಲಿ, ಅವನ ಪುಸ್ತಕ ಬಣ್ಣದ ಮರದಚ್ಚಿನ ಚಿತ್ರಗಳೊಂದಿಗೆ ಹೊರಬಂತು.

ನಾಳಗಳು ಸಿಕ್ಕವು; ಅವು ಎಲ್ಲಿಗೆ ಹೋಗುತ್ತವೆ ಎಂಬಲ್ಲಿ ಅಸೆಲ್ಲಿ ಎಡವಿದ. ಅನ್ನವನ್ನು ರಕ್ತವಾಗಿಸುವುದು ಯಕೃತ್ತು ಎಂಬ ಪ್ರಾಚೀನ ವೈದ್ಯ ಗ್ಯಾಲೆನ್ನನ ಮತವನ್ನು ನಂಬಿ ಅವೆಲ್ಲ ಯಕೃತ್ತಿಗೇ ಸೇರುತ್ತವೆಂದು ಬರೆದ. ಫ್ರಾನ್ಸಿನ ಝಾನ್ ಪೆಕೆ ನಾಯಿಯ ಹೃದಯವನ್ನು ತೆಗೆದಾಗ ಮಹಾಸಿರೆಯಲ್ಲಿ ಬಿಳಿಯ ದ್ರವ ಕಂಡ. ಜಾಡು ಹಿಡಿದು ಹೋದರೆ ಅದು ಬೆನ್ನುಮೂಳೆಯ ಮುಂದೆ ಮೇಲೇರುವ ಎದೆನಾಳದಿಂದ ಬರುತ್ತಿತ್ತು, ಯಕೃತ್ತಿನಿಂದಲ್ಲ. 1651ರಲ್ಲಿ ಅದನ್ನು ಪ್ರಕಟಿಸಿದ. ಎರಡೇ ವರ್ಷದಲ್ಲಿ ಡೆನ್ಮಾರ್ಕಿನ ಥಾಮಸ್ ಬಾರ್ಥೊಲಿನ್, ಸ್ವೀಡನ್ನಿನ ಓಲೊಫ್ ರುಡ್‌ಬೆಕ್ ಇಬ್ಬರೂ ತಿಳಿನೀರಿನಂಥ ರಸದ ನಾಳಗಳನ್ನು ದೇಹದ ಬೇರೆಡೆಯೂ ಕಂಡು ವರದಿ ಮಾಡಿದರು. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. ಹೆಸರಿಟ್ಟವನು ಬಾರ್ಥೊಲಿನ್, ರಕ್ತ ಮಾಡುವ ಪಟ್ಟ ಕಳೆದುಕೊಂಡ ಯಕೃತ್ತಿಗೆ ಅವನೊಂದು ಸಮಾಧಿಲೇಖವನ್ನೂ ಬರೆದ. ಅವನು ಆರಿಸಿದ ಲ್ಯಾಟಿನ್ ಪದ ‘ಲಿಂಫ’ಕ್ಕೆ ತಿಳಿನೀರು ಎಂದರ್ಥ. ಕನ್ನಡದ ‘ದುಗ್ಧ’ದಲ್ಲಿರುವುದು ಹಾಲು. ನಿಜಕ್ಕೆ, ಊಟದ ನಂತರ ಕರುಳಿನಿಂದ ಬರುವ ರಸ ಮಾತ್ರ ಹಾಲಿನಂತಿರುತ್ತದೆ.

ಪಾದರಸ ಮತ್ತು ಹುಳು

18ನೆಯ ಶತಮಾನದ ಅಂಗರಚನಾ ತಜ್ಞರು ಶವಗಳ ನಾಳಗಳಿಗೆ ಪಾದರಸ ತುಂಬತೊಡಗಿದರು. ಸಿಯೆನಾದ ಪಾವೊಲೊ ಮಸ್ಕಾನ್ಯಿ ಈ ಕೆಲಸದಲ್ಲಿ ಎಲ್ಲರನ್ನೂ ಮೀರಿಸಿ 1787ರಲ್ಲಿ ಇಡೀ ದೇಹದ ದುಗ್ಧನಾಳಗಳ ಚಿತ್ರಸಂಪುಟವನ್ನು ಪ್ರಕಟಿಸಿದ. ಮಿದುಳಿನ ಪೊರೆಗಳಲ್ಲೂ ಅವು ಇವೆಯೆಂದು ಅವನು ಬರೆದದ್ದನ್ನು ಮಾತ್ರ ಯಾರೂ ನಂಬಲಿಲ್ಲ. ಇದಕ್ಕೆ ಮೊದಲೇ ಲಂಡನ್ನಿನ ವಿಲಿಯಂ ಹ್ಯೂಸನ್, ರಸದಲ್ಲಿ ತೇಲುವ ಪುಟ್ಟ ಕಣಗಳು ದುಗ್ಧಗ್ರಂಥಿ ಮತ್ತು ಥೈಮಸ್‌ನಲ್ಲಿ ಹುಟ್ಟುತ್ತವೆ ಎಂದಿದ್ದ. ಶವಚ್ಛೇದದ ವೇಳೆ ಆದ ಗಾಯ ನಂಜಾಗಿ, 1774ರಲ್ಲಿ, 34ರ ಹರೆಯದಲ್ಲೇ ಸತ್ತ. ಅವನ ಕಣಗಳ ಮಾತು ಮೂಲೆಗೆ ಬಿತ್ತು.

ನಾಳ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ಆನೆಕಾಲು ರೋಗ. 1872ರಲ್ಲಿ ಕಲ್ಕತ್ತೆಯಲ್ಲಿ ಟಿಮೊತಿ ಲೂಯಿಸ್ ರೋಗಿಗಳ ರಕ್ತದಲ್ಲಿ ಸೂಕ್ಷ್ಮ ಹುಳುಮರಿಗಳನ್ನು ಕಂಡ. 1877ರಲ್ಲಿ ಚೀನಾದ ಅಮಾಯ್ ಬಂದರಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ಗುರುತಿಸಿದ. ದಾರದಂಥ ಬೆಳೆದ ಹುಳುಗಳ ಬಿಡಾರ ದುಗ್ಧನಾಳಗಳೇ. ನಾಳ ಕೆಟ್ಟರೆ ದ್ರವ ಬಸಿಯದೆ ಕಾಲು ಊದಿ, ಚರ್ಮ ಆನೆಯ ತೊಗಲಿನಂತೆ ದಪ್ಪಗಟ್ಟುತ್ತದೆ. ಕಲಬುರಗಿ, ಬೀದರ್ ಭಾಗದಲ್ಲೂ ಕರಾವಳಿಯಲ್ಲೂ ಈ ಕಾಯಿಲೆ ಹಳೆಯ ಪರಿಚಯದ್ದು.

ಕಾವಲುಗಾರರ ಜಾಡು

ರೋಗನಿರೋಧಕತೆಯ ಅಧ್ಯಯನ ಬೇರೆಯೇ ದಾರಿಯಲ್ಲಿ ಬೆಳೆಯಿತು. ಎಡ್ವರ್ಡ್ ಜೆನ್ನರ್ 1796ರಲ್ಲಿ ದನದ ಸಿಡುಬಿನ ಕೀವನ್ನು ಹುಡುಗನೊಬ್ಬನಿಗೆ ಚುಚ್ಚಿದ. ಹತ್ತು ವರ್ಷದೊಳಗೇ ಆ ಲಸಿಕೆ ಮೈಸೂರಿನ ಅರಮನೆ ಮುಟ್ಟಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ರಾಣಿಯರ ಚಿತ್ರ ಲಸಿಕೆಯ ಪ್ರಚಾರಕ್ಕೇ ಬರೆದದ್ದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. 1882ರಲ್ಲಿ ಮೆಸಿನಾದಲ್ಲಿ ಇಲ್ಯ ಮೆಚ್ನಿಕೊವ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅಲೆದಾಡುವ ಕಣಗಳು ಅದನ್ನು ಮುತ್ತುವುದನ್ನು ನೋಡಿದ. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ರಕ್ತರಸದಲ್ಲಿರುವ ವಿಷನಿವಾರಕಗಳನ್ನು, ಅಂದರೆ ಇಂದಿನ ಪ್ರತಿಕಾಯಗಳನ್ನು, ಗುರುತಿಸಿದರು. ದೇಹವನ್ನು ಕಾಯುವುದು ಕಣಗಳೋ ರಕ್ತರಸವೋ ಎಂಬ ವಾದದ ಎರಡು ಬಣದ ಮುಂದಾಳುಗಳಾದ ಮೆಚ್ನಿಕೊವ್, ಪಾಲ್ ಎರ್ಲಿಖ್ 1908ರ ನೊಬೆಲನ್ನು ಹಂಚಿಕೊಂಡರು. ಹ್ಯೂಸನ್ ಹೇಳಿದ ಕಣಗಳಿಗೆ, ಅಂದರೆ ಲಿಂಫೋಸೈಟ್‌ಗಳಿಗೆ, ಆ ವಾದದಲ್ಲಿ ಯಾವ ಪಾತ್ರವೂ ಇರಲಿಲ್ಲ.

ಅವುಗಳ ಲೆಕ್ಕವೇ ಒಂದು ಒಗಟು. ಎದೆನಾಳದಿಂದ ದಿನವೂ ರಕ್ತಕ್ಕೆ ಸುರಿಯುವ ಲಿಂಫೋಸೈಟ್‌ಗಳು ರಕ್ತದಲ್ಲಿರುವ ಒಟ್ಟು ಸಂಖ್ಯೆಯ ಹಲವು ಪಟ್ಟು. ಆದರೂ ರಕ್ತದಲ್ಲಿ ಅವು ಹೆಚ್ಚುವುದಿಲ್ಲ. ಬಂದವು ಹೋಗುವುದೆಲ್ಲಿಗೆ? ಬೇಗ ಸಾಯುತ್ತವೆ ಎಂದು ಬಹಳ ಮಂದಿ ಭಾವಿಸಿದ್ದರು. ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್ 1950ರ ದಶಕದ ಕೊನೆಯಲ್ಲಿ ಇಲಿಯ ಎದೆನಾಳಕ್ಕೆ ಸಣ್ಣ ಕೊಳವೆ ಸಿಕ್ಕಿಸಿ ದಿನಗಟ್ಟಲೆ ರಸ ಬಸಿದರು. ಕಣಗಳ ಸಂಖ್ಯೆ ಇಳಿಯುತ್ತ ಹೋಯಿತು. ಬಸಿದ ಕಣಗಳನ್ನು ಮರಳಿ ರಕ್ತಕ್ಕೆ ಬಿಟ್ಟಾಗ ಮತ್ತೆ ಏರಿತು. ಕಣವಿಲ್ಲದ ಬರಿಯ ರಸದಿಂದ ಏರಲಿಲ್ಲ. ಆಮೇಲೆ ವಿಕಿರಣಶೀಲ ಗುರುತು ಹಚ್ಚಿದ ಕಣಗಳನ್ನು ಬಿಟ್ಟು, ಅವು ದುಗ್ಧಗ್ರಂಥಿಗಳೊಳಗಿನ ಕಿರುಸಿರೆಗಳ ಗೋಡೆ ದಾಟಿ ಮತ್ತೆ ರಸ ಸೇರುವುದನ್ನು 1964ರಲ್ಲಿ ತೋರಿಸಿದರು. ಸಾಯುತ್ತಿಲ್ಲ, ಗಸ್ತು ತಿರುಗುತ್ತಿವೆ. ಹೀಗೆ ಬಸಿದು ಕಣಗಳನ್ನು ಬರಿದು ಮಾಡಿದ ಇಲಿ ಹೊಸ ಪ್ರತಿಜನಕಕ್ಕೆ, ಅಂದರೆ ದೇಹಕ್ಕೆ ಪರಕೀಯವಾದ ವಸ್ತುವಿಗೆ, ಸರಿಯಾಗಿ ಪ್ರತಿಕ್ರಿಯಿಸಲಾರದು ಎಂದೂ ತಿಳಿಯಿತು. ಅಸೆಲ್ಲಿಯ ನಾಳಗಳೂ ದೇಹದ ಕಾವಲೂ ಒಂದೇ ವ್ಯವಸ್ಥೆ ಎಂದು ಮನವರಿಕೆಯಾಗಲು 340 ವರ್ಷ ಹಿಡಿದಿತ್ತು.

ಕಾವಲಿನಲ್ಲಿ ಎರಡು ಪಡೆಗಳಿವೆ ಎಂಬುದೂ ಅದೇ ಕಾಲದ ತಿಳಿವಳಿಕೆ. ಕೋಳಿಯ ‘ಫ್ಯಾಬ್ರಿಸಿಯಸ್‌ನ ಚೀಲ’ ತೆಗೆದರೆ ಪ್ರತಿಕಾಯ ಹುಟ್ಟುವುದಿಲ್ಲವೆಂದು ಬ್ರೂಸ್ ಗ್ಲಿಕ್ 1956ರಲ್ಲಿ ಕೋಳಿಸಾಕಣೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1961ರಲ್ಲಿ ಝಾಕ್ ಮಿಲರ್ ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದಾಗ ಅವು ಸೋಂಕಿಗೆ ಬಲಿಯಾದವು, ಪರಕೀಯ ಚರ್ಮದ ಕಸಿಯನ್ನೂ ತಿರಸ್ಕರಿಸಲಿಲ್ಲ. ಚೀಲದ ಇಂಗ್ಲಿಷ್ ಹೆಸರಾದ ‘ಬರ್ಸಾ’ದಿಂದ ಬಿ ಕಣ, ಥೈಮಸ್‌ನಿಂದ ಟಿ ಕಣ.

ಮಸ್ಕಾನ್ಯಿಯ ಸರದಿ ಬಂದದ್ದು 2015ರಲ್ಲಿ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ತಂಡ ಇಲಿಯ ಮಿದುಳಿನ ಪೊರೆಯನ್ನು ಬಿಡಿಸುವ ಮೊದಲೇ ಬುರುಡೆಗೆ ಅಂಟಿದಂತೆಯೇ ಗಟ್ಟಿಗೊಳಿಸಿ ನೋಡಿತು. ಹೆಲ್ಸಿಂಕಿಯ ತಂಡ ದುಗ್ಧನಾಳಗಳು ಹೊಳೆಯುವಂತೆ ಮಾರ್ಪಡಿಸಿದ ಇಲಿಗಳನ್ನು ನೋಡಿತು. ಎರಡೂ ಕಡೆ ಪೊರೆಯಲ್ಲಿ ದುಗ್ಧನಾಳಗಳು ಕಂಡವು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರ ರಕ್ತಕ್ಕೆ ಗ್ಯಾಡೊಲಿನಿಯಂ ಆಧಾರಿತ ದ್ರವ ಕೊಟ್ಟು ಎಂಆರ್‌ಐ ಮಾಡಿದರು. ಪೊರೆಯ ರಕ್ತನಾಳಗಳಿಂದ ಜಿನುಗಿದ ದ್ರವ ಆ ಸಣ್ಣ ನಾಳಗಳಿಗೆ ಇಳಿಯಿತು. ಮನುಷ್ಯರ ತಲೆಯೊಳಗೂ, ಮಸ್ಕಾನ್ಯಿ ಹೇಳಿದ್ದ ಪೊರೆಯಲ್ಲೇ, ಅವು ಬೆಳ್ಳಗೆ ಮೂಡಿದವು.